ಗೂಟದಿಂದ ಇಳಿಯದ ಕೌದಿ

ನನ್ನ ತಂಗಿಯ ಮುಖಕ್ಕಿಂತ ಅವಳ ಕಾಲುಗಳೇ ನನಗೆ ಚೆನ್ನಾಗಿ ನೆನಪಿವೆ. ಎರಡು ವರ್ಷ ಅವಕ್ಕೆ ಎಣ್ಣೆ ತಿಕ್ಕಿದವಳು ನಾನು.

ನಾವು ಮಸ್ಕಿಯವರು. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಹಗ್ಗ, ಮೊಳೆ, ಕಬ್ಬಿಣದ ಸಾಮಾನಿನ ಅಂಗಡಿ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಮನೆಗೆಲಸಕ್ಕೆ ನಿಂತೆ. ತಂಗಿ ಓದಿದಳು. ಎಂಬತ್ತರ ದಶಕದ ಕೊನೆಯಲ್ಲಿ ಸಿಂಧನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಹೊರಟುಹೋದ ಬಸ್ಸನ್ನು ಅವಳು ಬೆನ್ನಟ್ಟಿ ಹಿಡಿದದ್ದನ್ನು ಅಲ್ಲಿನ ಆಟದ ಮೇಷ್ಟ್ರು ನೋಡಿದರಂತೆ. ಮರುದಿನವೇ ಮೈದಾನಕ್ಕೆ ಕರೆದರು. ಅಂದಿನಿಂದ ಅವಳು ನಸುಕಿನಲ್ಲೆದ್ದು ಸಂತೆಕಲ್ಲೂರಿನ ಕಡೆಯ ರಸ್ತೆಯಲ್ಲಿ ಓಡತೊಡಗಿದಳು. ಅಪ್ಪ ಸೈಕಲ್ಲಿನ ಮೇಲೆ ಹಿಂದೆ ಹೋಗುತ್ತಿದ್ದ.

ಮೊದಲ ತಿಂಗಳು ಅವಳಿಗೆ ಮೆಟ್ಟಿಲು ಇಳಿಯಲು ಬರುತ್ತಿರಲಿಲ್ಲ. ತೊಡೆಗಳು ಕಲ್ಲಾಗಿ, ಮಾಳಿಗೆಯಿಂದ ಗೋಡೆ ಹಿಡಿದು ಹಿಂದುಮುಂದಾಗಿ ಇಳಿಯುತ್ತಿದ್ದಳು. ಮೊಣಕಾಲ ಕೆಳಗಿನ ಎಲುಬಿನ ಅಂಚಿಗೆ ಬೆರಳು ತಾಗಿದರೆ ಸಾಕು, ಕಿರುಚುತ್ತಿದ್ದಳು. ಎಕ್ಕೆಯ ಎಲೆಗೆ ಎಣ್ಣೆ ಸವರಿ, ಬಿಸಿ ಇಟ್ಟಿಗೆಯ ಮೇಲೆ ಬಾಡಿಸಿ ನಾನು ಅಲ್ಲಿಗೆ ಕಟ್ಟುತ್ತಿದ್ದೆ. ಒಂದು ದಿನ ಹೆಬ್ಬೆರಳಿನ ಉಗುರು ಕಪ್ಪಾಗಿ ಕ್ಯಾನ್ವಾಸ್ ಬೂಟಿನೊಳಗೇ ಉಳಿದುಬಿಟ್ಟಿತು. ಅದನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ಹುಣಸಿ ಸಿಪ್ಪಿ ಹಂಗೈತಿ ನೋಡಬೇ ಅಕ್ಕಾ."

"ನಾಳಿಗಿ ಕಾಲೂ ಬಿಚ್ಚಿ ಕೈಯಾಗ ಹಿಡಕೊಂಡು ಬರ್ತಿ ಬಿಡು," ಎಂದೆ. ಇಬ್ಬರೂ ನಕ್ಕೆವು.

ನಿಧಾನವಾಗಿ ನೋವುಗಳು ಒಂದೊಂದೇ ಬಿಟ್ಟವು. ಹೆಬ್ಬೆರಳ ಬುಡದಲ್ಲಿ ಅಂಗಾಲು ಚಪ್ಪಲಿಯ ತೊಗಲಿನಂತೆ ಗಟ್ಟಿಯಾಯಿತು. ಮೀನಖಂಡ ಉಬ್ಬಿತು, ಗಲ್ಲ ಒಳಗೆ ಹೋಯಿತು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಅಜ್ಜಿ ಒಮ್ಮೆ ಅವಳ ಎದೆಯ ಮೇಲೆ ಕೈಯಿಟ್ಟು, "ಇಕಿ ಎದಿ ಎಷ್ಟು ಸಾವಕಾಶ ಬಡಿತೈತಲೇ! ಬಡಿಯಾಕೂ ಬ್ಯಾಸರಾಗೇತೇನು ಅದಕ್ಕ?" ಎಂದಳು. ಊಟ ಮಾತ್ರ ಹೆಚ್ಚಲಿಲ್ಲ. ಹೊಟ್ಟೆ ಭಾರವಾದರೆ ಓಡಲಾಗದೆಂದು ಒಂದೂವರೆ ರೊಟ್ಟಿಗೇ ತಾಟು ಬಿಟ್ಟು ಏಳುತ್ತಿದ್ದಳು.

ಲಿಂಗಸುಗೂರಿನಲ್ಲಿ ನಡೆದ ಪಂದ್ಯದಲ್ಲಿ ಮೊದಲಿಗಳಾಗಿ ಬಂದಳು. ಮುಂದಿನದು ರಾಯಚೂರಿನಲ್ಲಿ. ಅಲ್ಲಿಯೂ ಗೆದ್ದರೆ ಹಾಸ್ಟೆಲ್ಲಿನಲ್ಲಿಟ್ಟು ಆಟದ ಟೀಚರಾಗುವ ಓದಿಗೆ ಸೇರಿಸುವುದಾಗಿ ಮೇಷ್ಟ್ರು ಅಪ್ಪನಿಗೆ ಹೇಳಿದ್ದರು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಆಗ ಅವಳಿಗೆ ಹತ್ತೊಂಬತ್ತು.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ತಿಂಗಳಿಗೆ ಮೂರು ದಿನ ಹಿತ್ತಲ ಬಾಗಿಲ ಪಕ್ಕದಲ್ಲಿ ಹೊರಗೆ ಕೂಡುತ್ತಿದ್ದರು. ಅದಕ್ಕೆಂದೇ ಒಬ್ಬೊಬ್ಬರಿಗೆ ಹಳೆಯ ಸೀರೆಗಳಲ್ಲಿ ಹೊಲಿದ ಒಂದು ಕೌದಿ. ನಾಲ್ಕನೆಯ ದಿನ ಅದನ್ನು ಒಗೆದು, ಒಣಗಿಸಿ, ಗೂಟಕ್ಕೆ ಹಾಕುವ ಕೆಲಸ ನನ್ನದು. ಆ ಚಳಿಗಾಲದಲ್ಲಿ ಅವಳ ಕೌದಿ ಮೂರು ತಿಂಗಳು ಗೂಟದಿಂದ ಇಳಿಯಲಿಲ್ಲ.

ನಾನು ಕೇಳಿದೆ. "ನಿಂತೈತಿ," ಎಂದಳು. "ಛಲೋ ಆತು ಬಿಡಬೇ, ಮೂರು ದಿನ ಓಡೋದು ತಪ್ಪತಿತ್ತು."

ಅವಳ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ. ಅದನ್ನು ನಾನು ನಂಬಬೇಕಿತ್ತು. ಆದರೆ ಒಂದು ಮುಂಜಾನೆ ಪಕ್ಕದ ಮನೆಯಾಕೆ ಹಿತ್ತಲ ಗೋಡೆಯ ಮೇಲಿಂದ ಇಣುಕಿ, "ನಿಮ್ಮನಿ ಕುದುರಿ ಈಗೀಗ ಹೊರಗ ಕುಂತದ್ದ ಕಾಣವಲ್ದಲ್ಲಬೇ, ಪುರುಸೊತ್ತಿಲ್ಲೇನು?" ಎಂದು ನಕ್ಕಳು. ಅಂದೇ ಅವ್ವನಿಗೆ ಹೇಳಿಬಿಟ್ಟೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಂಗಿ ಓಟ ಮುಗಿಸಿ, ಬೆವರು ಒರೆಸುತ್ತ ಒಳಗೆ ಬಂದಳು.

"ಯಾರಂವ?" ಎಂದಳು ಅವ್ವ.

"ಯಾರಂದ್ರ?"

"ನನ್ನ ಮುಂದ ಮಳ್ಳಿಯಂಗ ಮಾಡಬ್ಯಾಡ. ಮೂರು ತಿಂಗಳಾತಂತ. ಯಾರಂವ ಹೇಳು."

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ನೋಡಿದ್ದು ಅವ್ವನನ್ನಲ್ಲ, ನನ್ನನ್ನು.

ಅಪ್ಪನಿಗೆ ತಿಳಿಸದೆ ಅವ್ವ ನಮ್ಮಿಬ್ಬರನ್ನೂ ಸಿಂಧನೂರಿನ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ನೋಡಿ, "ಏನೂ ಇಲ್ಲಮ್ಮಾ. ಓಡೋದು ಹೆಚ್ಚಾಗಿ, ಊಟ ಕಡಿಮೆಯಾದರೆ ಹೀಗೆ ನಿಲ್ಲುತ್ತದೆ. ಚೆನ್ನಾಗಿ ಉಣ್ಣಿಸಿ, ಓಟ ಸ್ವಲ್ಪ ಇಳಿಸಿ, ಬರುತ್ತದೆ," ಎಂದರು. ತಂಗಿ ಕುರ್ಚಿಯಲ್ಲಿ ಕೂತಲ್ಲೇ ಮೊದಲ ಬಾರಿಗೆ ಅತ್ತಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಬಾಗಿಲಿನಿಂದ ಹೊರಬರುವಾಗ ಮಸ್ಕಿಯ ಇಬ್ಬರು ಹೆಂಗಸರು ಎದುರಾದರು. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಮ್ಮೂರು ಹತ್ತಿರವಾದಾಗ ಹೇಳಿದಳು: "ಓಡಿದ್ರ ನಿಲ್ತೈತಿ ಅಂದ ಮ್ಯಾಲ, ಓಡಿ ಓಡಿ ಬಂಜಿ ಆಗ್ತಾಳ. ಸಾಕಿನ್ನ."

"ಸ್ವಲ್ಪ ಇಳಸು ಅಂದಾರ, ಬಿಡು ಅಂದಿಲ್ಲಬೇ ಅವ್ವಾ," ಎಂದಳು ತಂಗಿ. ಅವ್ವ ಕೇಳಿಸಿಕೊಳ್ಳಲಿಲ್ಲ. ನಾನು ಚೀಲ ಎತ್ತಿಕೊಂಡು ಅವ್ವನ ಹಿಂದೆ ಇಳಿದೆ.

ಕಾಲಿನ ಎಲುಬು ನೊಂದಿದೆಯೆಂದು ಅವ್ವ ಅಪ್ಪನಿಗೆ ಹೇಳಿದಳು; ಬೂಟುಗಳು ಅಟ್ಟ ಸೇರಿದವು. ರಾಯಚೂರಿನ ಪಂದ್ಯದ ದಿನ ಅವಳು ಬೇಳೆ ಕೇರುತ್ತ ಕೂತಿದ್ದಳು. ಅವ್ವ ಎಳ್ಳು ಬೆಲ್ಲದ ಉಂಡೆ ಕಟ್ಟಿ ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಓಟ ಬಿಟ್ಟರೂ ನಸುಕಿನಲ್ಲಿ, ಮಲಗಿದಲ್ಲೇ, ಅವಳ ಕಾಲುಗಳು ಅದುರುತ್ತಿದ್ದವು. ಪಕ್ಕದಲ್ಲಿ ಮಲಗಿದ ನನಗೆ ಅದು ತಿಳಿಯುತ್ತಿತ್ತು. ಕೈಯಿಟ್ಟರೆ ಎಳೆದುಕೊಳ್ಳುತ್ತಿದ್ದಳು. ಮತ್ತೆ ಎಂದೂ ನನ್ನಿಂದ ಕಾಲು ತಿಕ್ಕಿಸಿಕೊಳ್ಳಲಿಲ್ಲ.

ಓಟ ಬಿಟ್ಟ ನಾಲ್ಕನೆಯ ತಿಂಗಳು ಕೌದಿ ಗೂಟದಿಂದ ಇಳಿಯಿತು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಊರ ಬಾಯಿ ಮಾತ್ರ ಮುಚ್ಚಲಿಲ್ಲ. ಆ ಮಾತು ಅಪ್ಪನ ಅಂಗಡಿಗೆ ಮುಟ್ಟುವ ಮೊದಲೇ ಗುರುಗುಂಟಾದ ಒಂದು ಮನೆಗೆ ಅವಳನ್ನು ಕೊಟ್ಟರು. ಮನೆ ಕೆಟ್ಟದ್ದಲ್ಲ, ಗಂಡನೂ ಕೆಟ್ಟವನಲ್ಲ. ಆರು ವರ್ಷದಲ್ಲಿ ಎರಡು ಹೆತ್ತಳು. ಮೂರನೆಯದು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಜೀಪೊಂದು ಸಿಕ್ಕು ಲಿಂಗಸುಗೂರಿನ ದಾರಿ ಹಿಡಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಮಗು ಉಳಿಯಿತು.

ಮೈ ತೊಳೆಯಲು ನಾವು ನಾಲ್ವರು ಹೆಂಗಸರಿದ್ದೆವು. ನಾನು ಕಾಲ ಕಡೆ ಕೂತೆ. ಕೊಡದಿಂದ ಚೊಂಬಿನಲ್ಲಿ ನೀರು ಹನಿಸುತ್ತಿದ್ದ ಅವಳ ಅತ್ತೆ, "ಪಾಪ, ಸಣ್ಣಾಕಿದ್ದಾಗ ಭಾಳ ಓಡ್ತಿದ್ಲಂತಲ್ಲ?" ಎಂದಳು. "ಹೂಂ ರೀ," ಎಂದೆ.

ಹೆಬ್ಬೆರಳಿಗೆ ಉಗುರು ತುಂಬಿ ಬೆಳೆದಿತ್ತು. ಮೀನಖಂಡ ಸಡಿಲವಾಗಿ ನನ್ನ ಅಂಗೈಯಲ್ಲಿ ಹರಡಿತು. ಹಿಮ್ಮಡಿ ನಮ್ಮೆಲ್ಲರದರಂತೆಯೇ ಒಡೆದಿತ್ತು. ಹೆಬ್ಬೆರಳ ಬುಡದಲ್ಲಿ ಆ ಗಟ್ಟಿ ಚರ್ಮಕ್ಕಾಗಿ ಬೆರಳಾಡಿಸಿದೆ. ಬಲಗಾಲಿನಲ್ಲಿ ಸಿಗಲಿಲ್ಲ. ಎಡಗಾಲಿನಲ್ಲಿ ಹುಡುಕಿದೆ. ಅಲ್ಲಿಯೂ ಮೆತ್ತಗಿತ್ತು.

"ಆತೇನವಾ?" ಎಂದು ಅತ್ತೆ ಕೇಳಿದಳು.

ಇನ್ನೊಂದು ಚೊಂಬು ಹಾಕಿರೆಂದೆ. ಈ ಸಲ ಅವಳು ಕಾಲು ಎಳೆದುಕೊಳ್ಳಲಿಲ್ಲ.