ಕದಿರು ತುಂಬುವಷ್ಟು ಹೊತ್ತು

ಎದುರುಮನೆ ಅಜ್ಜಿಯ ಬಲ ಅಂಗೈ ಕುರಿಉಣ್ಣೆಯ ಜಿಡ್ಡಿಗೆ ಸದಾ ಮಿರುಗುತ್ತಿತ್ತು. ನೂಲು ಓಡಿ ಓಡಿ ತೋರುಬೆರಳಿನಲ್ಲಿ ಆಳವಾದ ಗೀರು ಬಿದ್ದಿತ್ತು. ಗಂಡ ಸತ್ತ ಮೇಲೆ ಕುರಿ ಮಾರಿ, ಮಗನ ಜೊತೆ ಹೊಸದುರ್ಗಕ್ಕೆ ಬಂದಿದ್ದರೂ ಕಂಬಳಿ ನೇಯುವವರಿಗೆ ನೂಲು ತೆಗೆಯುವುದನ್ನು ಬಿಟ್ಟಿರಲಿಲ್ಲ. ದಿನವಿಡೀ ಕಟ್ಟೆಯ ಮೇಲೆ ಕೂತು ಕದಿರು ತಿರುಗಿಸುತ್ತ, ಹಾದುಹೋಗುವವರನ್ನೆಲ್ಲ ಬೈಯುತ್ತಿದ್ದಳು.

ತೊಂಬತ್ತರ ದಶಕದ ಕೊನೆ. ನಾನು ಎಂ.ಎ. ಮುಗಿಸಿ, ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತ ಒಬ್ಬನೇ ಇದ್ದೆ. ಜೊತೆಗೊಂದು ಕಂದು ನಾಯಿ. ರಾಮಗಿರಿ ಸ್ಟೇಷನ್ನಿನಲ್ಲಿ ಅದನ್ನು ಬಿಟ್ಟು ಯಾರೋ ರೈಲು ಹತ್ತಿದ್ದರು. ಹತ್ತಿದ್ದನ್ನು ಕಣ್ಣಾರೆ ಕಂಡೆನೋ, ಆಮೇಲೆ ನಾನೇ ಕಟ್ಟಿಕೊಂಡ ಕಥೆಯೋ, ಆಣೆ ಮಾಡಿ ಹೇಳಲಾರೆ. ನಾನು ಬೀಗ ಹಾಕಿದೊಡನೆ ಅದು ಊಳಿಡುತ್ತಿತ್ತು, ಬಾಗಿಲು ಕೆರೆದು ಉಗುರಲ್ಲಿ ರಕ್ತ ಬರಿಸಿಕೊಳ್ಳುತ್ತಿತ್ತು. ದಸರಾ ರಜೆ ಮುಗಿಯುವುದರೊಳಗೆ ಸದ್ದು ನಿಲ್ಲದಿದ್ದರೆ ಅನ್ನದಲ್ಲಿ ವಿಷ ಕಲಸಿ ಹಾಕಿಸುತ್ತೇನೆಂದು ಮನೆ ಮಾಲೀಕ ನಗುತ್ತಲೇ ಹೇಳಿಹೋದ. ಆ ನಗು ನೆನೆದರೆ ಇಂದಿಗೂ ಹಲ್ಲು ಕಡಿಯುತ್ತೇನೆ.

ಆದರೆ ಆ ಸಿಟ್ಟು ತೀರಿಸಿಕೊಂಡದ್ದು ನಾಯಿಯ ಮೇಲೆ. ಕಾಲೇಜಿನಿಂದ ಬಂದವನು ಹರಿದ ಚಾಪೆ ಕಂಡು, ನಾಯಿಯನ್ನು ಅಂಗಳಕ್ಕೆಳೆದು ಚಪ್ಪಲಿಯಲ್ಲಿ ಬಾರಿಸಿದೆ. ಅಜ್ಜಿ ಬೀದಿ ದಾಟಿ ಬಂದು, ಚಪ್ಪಲಿ ಕಿತ್ತು ಚರಂಡಿಗೆ ಎಸೆದಳು.

"ಲೇ ಮೇಷ್ಟ್ರೇ, ಅದು ಹೆದ್ರಿ ಅಳ್ತೈತೆ ಕಣೋ. ಹೆದ್ರಿದ್ದಕ್ಕೆ ಹೊಡೀತೀಯಲ್ಲ, ಏನು ಓದಿದ್ದು ನೀನು?"

ಮಾರನೇ ದಿನದಿಂದ ರಜೆ. ಆಕೆ ತನ್ನ ಹಳೇ ಕಂಬಳಿಯ ತುಂಡೊಂದನ್ನು ನಾಯಿಗೆ ಹಾಸಿದಳು. ಕುರಿಹಟ್ಟಿಯಲ್ಲಿ ಮರಿನಾಯಿಗಳನ್ನು ಹೀಗೇ ಪಳಗಿಸುತ್ತಿದ್ದರಂತೆ. ಮೊದಲು ನಾನು ಬಾಗಿಲು ದಾಟಿ, ಅದು ಬಾಯಿ ತೆಗೆಯುವ ಮುಂಚೆಯೇ ಒಳಗೆ ಬರಬೇಕು. ಆಮೇಲೆ ಕದಿರಿಗೆ ಹತ್ತು ಸುತ್ತು ನೂಲು ಬೀಳುವಷ್ಟು ಹೊತ್ತು ಹೊರಗೆ. ಮುಂದೆ ಅರ್ಧ ಕದಿರು, ಮುಂದೆ ಪೂರ್ತಿ. ಬಂದಾಗ ಮುದ್ದಿಸುವಂತಿಲ್ಲ. ನಾನು ಕೈಗಡಿಯಾರ ನೋಡಿದರೆ ರೇಗುತ್ತಿದ್ದಳು. ತಡೆಯಲಾರದೆ, ಇದಕ್ಕೆಲ್ಲ ಏನು ಆಧಾರ ಎಂದು ಕೇಳಿಬಿಟ್ಟೆ.

"ಆಧಾರವಂತೆ ಆಧಾರ. ಅದು ಸುಮ್ಕೆ ಐತೆ, ಕಾಣ್ಸಲ್ವಾ? ಬಾಯಿ ಮುಚ್ಕಂಡು ಹೊರಗ್ ಹೋಗು."

ಒಂದು ದಿನ ಅವಸರಪಟ್ಟು ಸಿನಿಮಾಕ್ಕೆ ಹೋದೆ. ಬರುವಾಗ ಬೀದಿಯ ತುದಿಗೇ ಊಳು ಕೇಳಿಸಿತು. ಆಕೆ ಊರಿಗೆಲ್ಲ ಕೇಳುವಂತೆ ಬೈದು, ಮತ್ತೆ ಹತ್ತು ಸುತ್ತಿನಿಂದಲೇ ಶುರು ಮಾಡಿಸಿದಳು. ರಜೆ ಮುಗಿಯುವ ಹೊತ್ತಿಗೆ ನಾಯಿ ಇಡೀ ಬೆಳಗು ಒಂಟಿಯಾಗಿ ನಿದ್ದೆ ಮಾಡತೊಡಗಿತ್ತು. ರಜೆಯೊಳಗೇ ಎಂದು ನನ್ನ ನೆನಪು. ಇನ್ನೂ ಕೆಲವು ದಿನ ಹಿಡಿದಿರಬಹುದು. ಮಾಲೀಕನಂತೂ ತನ್ನ ಬೆದರಿಕೆಯೇ ಕೆಲಸ ಮಾಡಿತೆಂದು ಹೋಟೆಲಿನಲ್ಲಿ ಹೇಳಿಕೊಂಡು ತಿರುಗಿದ.

ಮೂರ್ನಾಲ್ಕು ವರ್ಷಗಳ ನಂತರ, ನಾನು ಪರೀಕ್ಷೆ ಕೆಲಸಕ್ಕೆಂದು ಹೊಳಲ್ಕೆರೆಗೆ ಹೋದ ದಿನ ಆಕೆ ತೀರಿಕೊಂಡಳು. ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಮಣ್ಣು ಮಾಡಿ ಬಂದು ಕಟ್ಟೆ ತೊಳೆಯುತ್ತಿದ್ದರು. ಯಾಕೆ ಹೇಳಿಕಳಿಸಲಿಲ್ಲ ಎಂದು ಮಗನ ಮೇಲೆ ಕೂಗಾಡಿದೆ.

"ನಮ್ಮವ್ವ ನಿಮಗೇನಾಗ್ಬೇಕ್ರಿ?" ಎಂದ. ನಿಜಕ್ಕೂ ತಿಳಿಯದೆ ಕೇಳಿದ್ದ.

ಮಧ್ಯಾಹ್ನವೆಲ್ಲ ಹಲಗೆ ಬಡಿದಿದ್ದರಂತೆ, ಹೆಂಗಸರು ಗೋಳಾಡಿದ್ದರಂತೆ. ನಮ್ಮ ಮನೆಯಿಂದ ಮಾತ್ರ ಒಂದು ಸದ್ದೂ ಇಲ್ಲವಂತೆ. ಬೀಗ ತೆಗೆದೆ. ನಾಯಿ ಎದ್ದು, ಮೈಮುರಿದು, ಆಕಳಿಸಿತು. ಅವತ್ತು ಅದರ ಮೇಲೂ ನನಗೆ ತಡೆಯಲಾಗದ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಕಲಿಸಬೇಕಿತ್ತೇ ಎಂದು ಅಜ್ಜಿಯ ಮೇಲೂ.