ಕಟ್ಟೆಯ ಮೇಲೆ ಆರು, ಕೆಳಗೆ ಎಂಟು

2022ರ ಬೇಸಿಗೆಯಲ್ಲಿ ನಾನು ನಿಪ್ಪಾಣಿಯಲ್ಲಿದ್ದೆ. ಹಾಲಿನ ಗುಣಮಟ್ಟ ಅಳೆಯುವ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್ ಕೆಲಸ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಎಲ್ಲ ತಾಲೂಕುಗಳ ಡೇರಿಗಳೂ ನನ್ನ ಪಾಲಿಗಿದ್ದವು. ಹೆಣ್ಣುಮಗಳಾದ ನಾನು ಚೀಲ ಹಿಡಿದು ಸ್ಕೂಟರಿನಿಂದ ಇಳಿದರೆ ಸಾಕು, "ಇಂಜಿನಿಯರ್ ಸಾಹೇಬರು ಹಿಂದ ಬರಾಕತ್ತಾರೇನ್ರಿ?" ಎಂದು ರಸ್ತೆಯ ಕಡೆ ಕತ್ತು ಉದ್ದ ಮಾಡುವವರು ಪ್ರತಿ ಊರಲ್ಲೂ ಇದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ "ಹೌದ್ರಿ, ಅವರು ಬರೂತನಕ ನಾ ಕೆಲಸ ಮುಗಿಸಿಬಿಡ್ತೀನಿ" ಎಂದು ಸ್ಕ್ರೂಡ್ರೈವರ್ ತೆಗೆಯುವುದನ್ನು ಕಲಿತೆ.

ಆ ಪ್ರಕರಣ ಶುರುವಾದದ್ದು ಒಂದು ಫೋನ್ ಕರೆಯಿಂದ. ಯಂತ್ರದ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ನಮ್ಮ ಸರ್ವಿಸ್ ನಂಬರ್ ಇರುತ್ತದೆ. ಸಾಮಾನ್ಯವಾಗಿ ಆ ನಂಬರಿಗೆ ಡೇರಿಯ ಸೆಕ್ರೆಟರಿಗಳು ಫೋನ್ ಮಾಡುತ್ತಾರೆ. ಅವತ್ತು ಮಾಡಿದ್ದು ಒಬ್ಬ ಹೆಂಗಸು.

"ನಿಮ್ಮ ಮಶೀನಿಗೆ ಎರಡ ಬಾಯಿ ಅದಾವ್ರಿ ಬಾಯಾರ. ನನಗೊಂದು ಹೇಳತೈತಿ, ಸೆಕ್ರೆಟರಿಗೊಂದು ಹೇಳತೈತಿ. ಬಂದು ನೋಡ್ರಿ."

ಅವಳ ಹೆಸರು ಕಮಲವ್ವ. ಸದಲಗಾದ ಆಚೆ, ದೂಧಗಂಗೆಯ ದಂಡೆಯ ಹಳ್ಳಿಯವಳು. ಮೂರು ಎಮ್ಮೆ ಕಟ್ಟಿದ್ದಳು. ದಿನಾ ಸಂಜೆ ಡೇರಿಗೆ ಹಾಲು ಹಾಕುವಾಗ ಯಂತ್ರದ ಪರದೆಯ ಮೇಲೆ ತನ್ನ ಹಾಲಿನ ಫ್ಯಾಟ್, ಅಂದರೆ ದರ ನಿರ್ಧರಿಸುವ ಜಿಡ್ಡಿನ ಅಂಶ, ಎಂಟರ ಮೇಲೆ ಕಾಣುತ್ತದೆ, ಸೆಕ್ರೆಟರಿ ಮಾತ್ರ ಆರು ಎಂದು ಕೂಗುತ್ತಾನೆ ಎಂಬುದು ಅವಳ ತಕರಾರು. ಇದನ್ನು ಅವಳು ನಾಲ್ಕು ಮಂದಿಯ ಮುಂದೆ ಹೇಳಿದ್ದಳು. ಡೇರಿಯ ಕಮಿಟಿಗೆ ಸಿಟ್ಟು ಬಂದು, ಸೆಕ್ರೆಟರಿಯ ಮಾಫಿ ಕೇಳುವ ತನಕ ಅವಳ ಹಾಲು ತೆಗೆದುಕೊಳ್ಳಬಾರದೆಂದು ಠರಾವು ಮಾಡಿತ್ತು. ಕಮಲವ್ವ ಮಾಫಿ ಕೇಳಿರಲಿಲ್ಲ. ಹಾಲನ್ನು ಮನೆಯಲ್ಲೇ ಕಾಯಿಸಿ ಖವಾ ಮಾಡುತ್ತಿದ್ದಳು.

ನನ್ನ ಮ್ಯಾನೇಜರ್ ಫೋನಿನಲ್ಲಿ ನಕ್ಕುಬಿಟ್ಟರು. "ಆಕೆ ನಮ್ಮ ಗ್ರಾಹಕಳಲ್ಲ. ಡೇರಿಯವರು ದೂರು ಕೊಟ್ಟಿಲ್ಲ. ಊರ ಜಗಳಕ್ಕೆ ಪೆಟ್ರೋಲ್ ಸುಡಬೇಡಿ" ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ನಮ್ಮ ಯಂತ್ರದ ಮೇಲೆ ನಮ್ಮದೇ ನಂಬರ್ ಇರುವಾಗ ಅದನ್ನು ನೋಡಿ ಫೋನ್ ಮಾಡಿದವರು ಯಾರೆಂದು ಯಾಕೆ ಕೇಳಬೇಕು ಅನ್ನಿಸಿತು. ಮರುದಿನ ಸದಲಗಾದ ಕಡೆ ಬೇರೆ ಕೆಲಸ ಇತ್ತು, ಇಲ್ಲದಿದ್ದರೂ ಹುಟ್ಟಿಸಿಕೊಂಡು ಹೋಗುತ್ತಿದ್ದೆ.

ಬೆಳಿಗ್ಗೆ ಹೋದೆ. ಆ ಡೇರಿಯ ಕಟ್ಟೆ ಸೊಂಟದ ಮೇಲೆ ಬರುವಷ್ಟು ಎತ್ತರ. ಮಹಾಪೂರದಲ್ಲಿ ಹೊಳೆಯ ನೀರು ಒಳಗೆ ನುಗ್ಗಿ ಯಂತ್ರ ಹಾಳಾದ ಮೇಲೆ ಎತ್ತರಿಸಿ ಕಟ್ಟಿಸಿದ್ದರು. ಹಾಲು ಹಾಕುವವರು ಕಟ್ಟೆ ಹತ್ತುವುದಿಲ್ಲ. ಹಾಲಿರುವ ಜಾಗಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದು, ಬಿಟ್ಟು ಹತ್ತಿ ಇಳಿಯಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಎಲ್ಲರೂ ಕೆಳಗೆ ನಿಂತೇ ಕ್ಯಾನು ಮೇಲೆತ್ತಿ ಕೊಡುವ ರೂಢಿ. ಸೆಕ್ರೆಟರಿ ಬಾಳಾಸಾಹೇಬ ಮೇಲೆ ನಿಂತು ಹಾಲು ಸುರಿದುಕೊಳ್ಳುತ್ತಾನೆ. ಯಂತ್ರದ ಪರದೆಯ ಡಬ್ಬಿ ಕಟ್ಟೆಯ ಅಂಚಿನ ಕಂಬಕ್ಕೆ, ಇಬ್ಬರಿಗೂ ಕಾಣುವ ಹಾಗೆ, ಪಡುವಣಕ್ಕೆ ಮುಖ ಮಾಡಿ ಕೂತಿತ್ತು.

ಬಾಳಾಸಾಹೇಬ ಮೂವತ್ತರ ಆಸುಪಾಸಿನ ಮನುಷ್ಯ. ಮೋಸಗಾರನ ಮುಖ ಹೇಗಿರುತ್ತದೋ ನನಗೆ ಗೊತ್ತಿಲ್ಲ, ಇವನು ಮಾತ್ರ ನಿದ್ದೆಗೆಟ್ಟವನಂತೆ ಕಾಣುತ್ತಿದ್ದ.

"ಕಾಕೂ ಅಂತ ಕರಿತೀನ್ರಿ ನಾ ಅವರಿಗೆ. ಸಣ್ಣಾಂವ ಇದ್ದಾಗ ಅವರ ಮನಿಯಾಗ ಉಂಡೇನಿ. ಅವರು ನನ್ನ ಕಳ್ಳ ಅಂದ್ರ ಹ್ಯಾಂಗ ತಡಕೊಳ್ಳೂದ್ರಿ?" ಎಂದ. ಆಮೇಲೆ ಸ್ವಲ್ಪ ಚೇಷ್ಟೆಯ ದನಿಯಲ್ಲಿ, "ಅದೂ ದಿನಾ ಎಂಟು ಪಾಯಿಂಟ್ ಎಂಟು ಅಂತಾರ. ಅವರ ಎಮ್ಮಿಗೆ ಎಂಟ ಬಿಟ್ರ ಬ್ಯಾರೆ ಲೆಕ್ಕಾನ ಬರೂದಿಲ್ಲ ನೋಡ್ರಿ" ಎಂದ.

ನಾನು ಯಂತ್ರವನ್ನು ಪರೀಕ್ಷಿಸಿದೆ. ಅಳತೆ ಸರಿಯಿತ್ತು. ಪರದೆಯೂ ಸರಿಯಿತ್ತು, ಮೇಲಿನಿಂದಲೂ ಕೆಳಗಿನಿಂದಲೂ. ಬಾಳಾಸಾಹೇಬ ಸರ್ವಿಸ್ ರಿಪೋರ್ಟಿಗೆ ಕೈ ಚಾಚಿದ. "ಮಶೀನ್ ಬರೋಬ್ಬರಿ ಐತಿ ಅಂತ ಬರದು ಸಹಿ ಮಾಡ್ರಿ. ಕಮಿಟಿಗೆ ತೋರಿಸ್ತೀನಿ, ಮುಗೀತು."

ಸಹಿ ಮಾಡಿದ್ದರೆ ಕಮಲವ್ವನ ಕತೆ ಮುಗಿಯುತ್ತಿತ್ತು. ಆದರೆ ಅವನ ಆ ಚೇಷ್ಟೆಯ ಮಾತೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಸುಳ್ಳು ಹೇಳುವವಳು ಒಂದು ದಿನ ಏಳು ಅನ್ನುತ್ತಾಳೆ, ಇನ್ನೊಂದು ದಿನ ಏಳೂವರೆ ಅನ್ನುತ್ತಾಳೆ. ದಿನವೂ ಎಂಟು ಪಾಯಿಂಟ್ ಎಂಟೇ ಯಾಕೆ? ಪರದೆಯ ಕೆಲಸ ಗೊತ್ತಿದ್ದವರಿಗೆ ಎಂಟು ಬರೀ ಒಂದು ಅಂಕಿಯಲ್ಲ. ಏಳು ಗೆರೆಗಳಿಂದ ಅಂಕಿ ಮೂಡಿಸುವ ಪರದೆಯಲ್ಲಿ ಏಳೂ ಗೆರೆ ಕಪ್ಪಾದರೆ ಮೂಡುವುದು ಎಂಟು. "ಸಂಜೀಕ ಮತ್ತ ಬರ್ತೀನಿ, ಆಮ್ಯಾಲ ಸಹಿ" ಎಂದು ಹೊರಟೆ. ಬಾಳಾಸಾಹೇಬನ ಮುಖ ಗಂಟಾಯಿತು.

ಇಲ್ಲಿ ಎಲ್‌ಸಿಡಿ ಪರದೆಯ ಬಗ್ಗೆ ಎರಡು ಮಾತು ಹೇಳಬೇಕು. ಎರಡು ಗಾಜಿನ ನಡುವೆ ಲಿಕ್ವಿಡ್ ಕ್ರಿಸ್ಟಲ್ ಎಂಬ ದ್ರವದ ತೆಳು ಪದರ ಇರುತ್ತದೆ. ವಿದ್ಯುತ್ ಕೊಟ್ಟ ಜಾಗದಲ್ಲಿ ಅದರ ಅಣುಗಳು ಎದ್ದು ನಿಂತು ಬೆಳಕನ್ನು ತಡೆಯುತ್ತವೆ, ಆ ಗೆರೆ ಕಪ್ಪಾಗುತ್ತದೆ. ಕೆಲವೇ ತಂತಿಗಳನ್ನು ಎಲ್ಲ ಗೆರೆಗಳೂ ಹಂಚಿಕೊಳ್ಳುವುದರಿಂದ, ಕಪ್ಪಾಗಬಾರದ ಗೆರೆಗೂ ಸ್ವಲ್ಪ ವಿದ್ಯುತ್ ಸೋರುತ್ತದೆ. ಅದು ಒಂದು ಮಿತಿಯೊಳಗಿದ್ದರೆ ಗೆರೆ ಕಾಣುವುದಿಲ್ಲ. ಬಿಸಿಲಿಗೆ ಪರದೆ ಕಾದರೆ ಆ ಮಿತಿಯೇ ಕೆಳಗಿಳಿಯುತ್ತದೆ. ಜೊತೆಗೆ ಅಣುಗಳು ಗಾಳಿಗೆ ವಾಲಿದ ಜೋಳದ ಬೆಳೆಯಂತೆ ಒಂದೇ ಕಡೆ ಬಾಗಿರುತ್ತವೆ. ಹಾಗಾಗಿ ಒಂದು ಕಡೆಯಿಂದ ನೋಡಿದರೆ ಗೆರೆಗಳು ದಟ್ಟ, ಇನ್ನೊಂದು ಕಡೆಯಿಂದ ತಿಳಿ. ನಮ್ಮ ಪರದೆ ಕೆಳಗಿನಿಂದ ದಟ್ಟವಾಗಿ ಕಾಣುವ ಜಾತಿಯದು.

ಸಂಜೆ ಐದಕ್ಕೆ ಡೇರಿ ತೆರೆಯುವ ಹೊತ್ತಿಗೆ ನಾನು ಕಟ್ಟೆಯ ಕೆಳಗಿದ್ದೆ. ಪಡುವಣ ಬಿಸಿಲು ನೇರ ಪರದೆಯ ಡಬ್ಬಿಗೆ ಹೊಡೆಯುತ್ತಿತ್ತು, ಮುಟ್ಟಿದರೆ ಕೈ ಸುಡುವ ಹಾಗಿತ್ತು. ನಾನು ಫೋನ್ ಮಾಡಿ ಕರೆದಿದ್ದರಿಂದ ಕಮಲವ್ವ ಕ್ಯಾನು ಹಿಡಿದು ಬಂದಳು. ಗಟ್ಟಿ ಹೆಂಗಸು, ಹಣೆಯ ಮೇಲೆ ದೊಡ್ಡ ಕುಂಕುಮ. ತೋಟದ ಮನೆ ದೂರ ಇದ್ದುದರಿಂದ ಅವಳು ಯಾವಾಗಲೂ ಮೊದಲು ಬಂದು ಹೋಗುವವಳು. ಉಳಿದವರು ಬರುವ ಹೊತ್ತಿಗೆ ಬಿಸಿಲು ಇಳಿದು ಡಬ್ಬಿ ತಣ್ಣಗಾಗಿರುತ್ತಿತ್ತು.

"ಕಾಕೂನ ಹಾಲ ತಗೊಳ್ಳಾಕ ಬರೂದಿಲ್ರಿ, ಕಮಿಟಿ ಠರಾವ್ ಐತಿ" ಎಂದ ಬಾಳಾಸಾಹೇಬ.

"ನೀವು ತಗೊಳ್ಳಬ್ಯಾಡ್ರಿ. ಒಂದು ಬಟ್ಟಲು ನನಗ ಬೇಕು, ಟೆಸ್ಟಿಗೆ" ಎಂದೆ. ನಾನೇ ಮೇಲೆ ಹತ್ತಿ ಅವಳ ಹಾಲಿನ ಸ್ಯಾಂಪಲ್ ಯಂತ್ರಕ್ಕೆ ಕೊಟ್ಟೆ. ಪರದೆಯಲ್ಲಿ 6.3 ಮೂಡಿತು. ಕೆಳಗಿನಿಂದ ಕಮಲವ್ವ ಕೂಗಿದಳು: "ಎಂಟ ಪಾಯಿಂಟ್ ಎಂಟ!"

ನಾನು ಇಳಿದು ಅವಳ ಪಕ್ಕ ನಿಂತೆ. 8.8. ಆರರ ಮತ್ತು ಮೂರರ ಖಾಲಿ ಗೆರೆಗಳೆಲ್ಲ ಕಪ್ಪಾಗಿ ತುಂಬಿಕೊಂಡಿದ್ದವು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಕುಣಿಯುವಷ್ಟು ಖುಷಿಯಾಯಿತು.

"ಬಾಳಾಸಾಹೇಬರ, ಇಳಿದು ಬರ್ರಿ."

"ನಾ ಯಾಕ ಇಳೀಲ್ರಿ? ನನಗ ಚೊಕ್ಕ ಕಾಣತೈತಿ."

"ಅದಕ್ಕ ಇಳೀಬೇಕು. ಕಮಲವ್ವಾರ, ನೀವು ಚಪ್ಪಲಿ ಬಿಟ್ಟು ಮ್ಯಾಲ ಹತ್ರಿ."

ಕಟ್ಟೆ ಎತ್ತರ ಆದ ಮೇಲೆ ಅವಳು ಅದನ್ನು ಹತ್ತಿದ್ದು ಅದೇ ಮೊದಲು. ಅವನೂ ಹಾಲಿನ ಹೊತ್ತಿನಲ್ಲಿ ಕೆಳಗಿಳಿದದ್ದು ಅದೇ ಮೊದಲು. ಇಬ್ಬರೂ ಪರದೆಯನ್ನೇ ನೋಡುತ್ತ ನಿಂತರು. ಮೊದಲು ಬಾಯಿ ಬಿಟ್ಟವಳು ಕಮಲವ್ವ. ಅವಳು ಸುಮ್ಮನಿರಬಹುದಿತ್ತು, ಎಂಟೇ ಅನ್ನಬಹುದಿತ್ತು. ಅವಳು ನಿಧಾನವಾಗಿ, "ಆರು ಪಾಯಿಂಟ್ ಮೂರು" ಎಂದಳು. ಆಮೇಲೆ, "ತಮ್ಮಾ, ನೀ ಖರೆ ಹೇಳಾಕತ್ತಿದ್ದಿ" ಎಂದಳು.

ಬಾಳಾಸಾಹೇಬ ಕೆಳಗೆ ನಿಂತು ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. "ಕಾಕೂ, ಇಲ್ಲಿಂದ ಎಂಟ ಐತಿ. ನೀನೂ ಖರೆ."

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆ ಎತ್ತರವಾದಾಗ ಮೇಲಿನಿಂದ ಬಗ್ಗಿ ನೋಡುವವನಿಗೆ ಅಂಕಿಗಳು ಮಸುಕಾಗಿ ಕಂಡಿದ್ದವು. ಡಬ್ಬಿಯ ಹಿಂದಿನ ಕಾಂಟ್ರಾಸ್ಟ್ ಸ್ಕ್ರೂವನ್ನು ಅವನು ತಿರುಗಿಸಿ ದಟ್ಟ ಮಾಡಿಕೊಂಡಿದ್ದ. ತನಗೆ ಚೊಕ್ಕ ಕಂಡ ಮೇಲೆ ಕೆಳಗಿನವರಿಗೆ ಹೇಗೆ ಕಾಣುತ್ತದೆಂದು ನೋಡುವುದು ಅವನಿಗೂ ಹೊಳೆಯಲಿಲ್ಲ, ಆ ಡಬ್ಬಿ ಮಾಡಿದ ನಮ್ಮವರಿಗೂ ಹೊಳೆದಿರಲಿಲ್ಲ. ನಾನು ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. ಕೆಳಗೆ 6.3 ಬಂತು, ಮೇಲೆ ಏನೂ ಕಾಣದಾಯಿತು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗಿಲ್ಲ. ಸದ್ಯಕ್ಕೆ ಸ್ಕ್ರೂವನ್ನು ಅವನಿಟ್ಟ ಜಾಗಕ್ಕೇ ತಂದು, ಡಬ್ಬಿಯನ್ನು ಸ್ವಲ್ಪ ಕೆಳಗಿಳಿಸಿ, ಮೇಲೊಂದು ತಗಡಿನ ನೆರಳು ಕಟ್ಟಿಸಿ, ರಿಪೋರ್ಟಿನಲ್ಲಿ "ಅಳತೆ ಸರಿ, ಪರದೆ ಸರಿಯಿಲ್ಲ" ಎಂದು ಬರೆದು ಸಹಿ ಹಾಕಿದೆ. ಕಮಿಟಿ ಮರುದಿನವೇ ಠರಾವು ಹಿಂತೆಗೆದುಕೊಂಡು ಕಮಲವ್ವನ ಹಾಲು ತೆಗೆದುಕೊಂಡಿತು.

ಅಲ್ಲಿಗೆ ಬಿಡುವ ಜಾಯಮಾನ ನನ್ನದಲ್ಲ. ತಗಡು ಗಾಳಿಗೆ ಹಾರಿದರೆ ಮತ್ತೆ ಎಂಟು, ಮತ್ತೆ ಜಗಳ. ಡಿಸೈನ್ ವಿಭಾಗಕ್ಕೆ ಎರಡೂ ಕಡೆಯಿಂದ ತೆಗೆದ ಫೋಟೊ ಕಳಿಸಿದೆ. "ಪರದೆ ಸ್ಪೆಸಿಫಿಕೇಶನ್ ಒಳಗೇ ಇದೆ, ಆಪರೇಟರ್ ಎದುರಿನಿಂದ ನೋಡುತ್ತಾನೆ" ಎಂದು ಉತ್ತರ ಬಂತು. ಹಾಲು ಹಾಕುವವರು ಎಲ್ಲಿಂದ ನೋಡುತ್ತಾರೆ ಎಂದು ಮತ್ತೆ ಬರೆದೆ. ಉತ್ತರ ಬರಲಿಲ್ಲ. ಪ್ರತಿ ಡೇರಿಗೆ ಹೋದಾಗಲೂ ಮೇಲೆ ನಿಂತು, ಕೆಳಗೆ ನಿಂತು, ಬಿಸಿಲಲ್ಲಿ, ನೆರಳಲ್ಲಿ ಫೋಟೊ ತೆಗೆದು ಕಳಿಸುತ್ತಲೇ ಹೋದೆ. ನನ್ನ ಕಾಟ ತಡೆಯಲಾರದೆ ಕೊನೆಗೆ ಅವರು ಹೊಸ ಪರದೆಯ ನಮೂನೆ ಕಳಿಸಿದರು. ಅದು ವರ್ಟಿಕಲ್ ಅಲೈನ್‌ಮೆಂಟ್ ಎಂಬ ಬಗೆಯದು. ಅಣುಗಳು ಮೊದಲೇ ನೆಟ್ಟಗೆ ನಿಂತಿರುವುದರಿಂದ ಖಾಲಿ ಗೆರೆ ಖಾಲಿಯಾಗಿಯೇ ಇರುತ್ತದೆ, ಓರೆಯಿಂದ ನೋಡಿದಾಗ ಬರುವ ಕೊರತೆಯನ್ನು ಮೇಲೊಂದು ಫಿಲ್ಮ್ ತುಂಬುತ್ತದೆ.

ಆ ನಮೂನೆಯೂ ನಮ್ಮ ಬಿಸಿಲಿನ ಮುಂದೆ ಸೋತಿತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಂಕಿ, ಹಿಂದಿನ ದೀಪ ಸಾಲದು. ಐದು ಗಂಟೆಯ ಬಿಸಿಲಿಗೆ ಕನ್ನಡಿಯಂತಾಗಿ ಕಮಲವ್ವನ ಕುಂಕುಮ ಕಂಡಿತೇ ಹೊರತು ಫ್ಯಾಟ್ ಕಾಣಲಿಲ್ಲ. ತಿರುಗಿ ಕಳಿಸಿದೆ. ಮುಂದಿನ ನಮೂನೆಯಲ್ಲಿ ದೀಪ ಜೋರಾಗಿತ್ತು, ಮುಂದಿನ ಗಾಜು ಹೊಳಪು ತಗ್ಗಿಸುವಂಥದ್ದಾಗಿತ್ತು, ಬಿಸಿ ಏರಿದಂತೆ ವಿದ್ಯುತ್ತನ್ನು ತಾನೇ ಇಳಿಸಿಕೊಳ್ಳುವ ಸರ್ಕ್ಯೂಟ್ ಇತ್ತು. ಸ್ಕ್ರೂ ಇರಲಿಲ್ಲ, ಅದನ್ನು ತೆಗೆಸಿದ್ದು ನಾನೇ. ಈಗ ನನ್ನ ಕೈಕೆಳಗೆ ಬರುವ ಹೊಸ ಇಂಜಿನಿಯರುಗಳಿಗೆ ನಾನು ಕಲಿಸುವ ಮೊದಲ ಪಾಠ ಇಷ್ಟೇ: ಪರದೆ ಸರಿಯಿದೆ ಎಂದು ಬರೆಯುವ ಮುಂಚೆ, ಅದನ್ನು ನೋಡುವ ಪ್ರತಿಯೊಬ್ಬರ ಜಾಗದಲ್ಲಿ, ಅವರು ನೋಡುವ ಹೊತ್ತಿನಲ್ಲೇ ನಿಂತು ನೋಡಿ. ಇಬ್ಬರು ಬೇರೆ ಬೇರೆ ಹೇಳಿದ ಮಾತ್ರಕ್ಕೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಬೇಡಿ.

ಆ ಪರದೆ ಕೂಡಿಸಿದ ಸಂಜೆ ಮೊದಲು ಹಾಲು ಹಾಕಿದವಳು ಕಮಲವ್ವ. ಬಿಸಿಲು ನೇರ ಹೊಡೆಯುತ್ತಿತ್ತು. ಮೇಲಿನಿಂದ ಬಾಳಾಸಾಹೇಬ "ಐದು ಪಾಯಿಂಟ್ ಒಂಬತ್ತು" ಎಂದ, ಕೆಳಗಿನಿಂದ ಅವಳೂ ಅದನ್ನೇ ಅಂದಳು. ಇಷ್ಟೆಲ್ಲ ಗುದ್ದಾಡಿ ಕೊನೆಗೆ ಅವಳ ಹಾಲಿನ ದರ ಇಳಿಯಿತಲ್ಲ ಎಂದು ನನಗೇ ಪೆಚ್ಚೆನಿಸಿತು.

"ಕಡಿಮಿ ಬಂತಲ್ರಿ, ಕಮಲವ್ವಾರ" ಎಂದೆ.

ಅವಳು ಖಾಲಿ ಕ್ಯಾನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಲಿ ಸರಿಮಾಡಿಕೊಂಡಳು.

"ಬರ್ಲಿ ಬಿಡ್ರಿ ಬಾಯಾರ. ಫ್ಯಾಟ್ ಕಡಿಮಿ ಆದ್ರ ನಾಳಿಗೆ ಎಮ್ಮಿಗೆ ಒಂದ ಮುಟಗಿ ಹಿಂಡಿ ಜಾಸ್ತಿ ಹಾಕ್ತೀನಿ. ಊರ ಮಂದಿ ಸುಳ್ಳಬುರಕಿ ಅಂದ್ರ ಏನ ಹಾಕಬೇಕಿತ್ರಿ?"