ಬ್ಯಾಡಗಿ ಅಂಗಡಿಯ ಕಪ್ಪು ಕೇಬಲ್

ದೆವ್ವ, ಗಾಳಿ, ಸತ್ತವರ ಸುಳಿವು ಎನ್ನುವವರನ್ನು ನಾನು ಎದುರಿಗೇ ಗೇಲಿ ಮಾಡುತ್ತಿದ್ದೆ. ರಾಣೇಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದವನು ನಾನು. ಕೇಬಲ್ ಕೂಡಿದ್ದರೆ ಕೆಲಸ ನಡೆಯುತ್ತದೆ, ಬಿಚ್ಚಿದ್ದರೆ ಇಲ್ಲ. ನನ್ನ ದೇವರು ದಿಂಡರು ಎಲ್ಲ ಅಷ್ಟೇ. ಬ್ಯಾಡಗಿಯಲ್ಲಿ ಆ ದಿನ ನಡೆದದ್ದನ್ನು ಓದಿ ಈಗ ನೀವು ನನ್ನನ್ನು ಗೇಲಿ ಮಾಡಿದರೂ ಬೇಸರವಿಲ್ಲ.

ನನಗೆ ಈ ಕೆಲಸ ಕಲಿಸಿದವರು ಮೇಡ್ಲೇರಿಯ ಈರಣ್ಣ ಮಾಸ್ತರರು. ಬ್ಯಾಡಗಿಯ ಒಂದು ಮೆಣಸಿನಕಾಯಿ ಖರೀದಿ ಅಂಗಡಿಗೆ ಮೊದಲ ಸಲ ಕಂಪ್ಯೂಟರುಗಳು ಬಂದಾಗ, ಟಿ.ವಿ. ಕೇಬಲ್‌ನಂಥ ಕಪ್ಪು ಕೇಬಲ್ ಎಳೆದು ಅವನ್ನು ಜೋಡಿಸಿದವರು ಅವರೇ. ಅಲ್ಲಿಯ ಪೇಟೆಯಲ್ಲಿ ಖರೀದಿದಾರರು ಮಾಲಿಗೆ ಗುಟ್ಟಾಗಿ ದರ ಬರೆದು ಟೆಂಡರ್ ಹಾಕುತ್ತಾರೆ. ಒಮ್ಮೆ ಆ ಅಂಗಡಿಯ ದರ ಎದುರಿನವರಿಗೆ ಮೊದಲೇ ಗೊತ್ತಾಗಿಬಿಟ್ಟಿತು. ಕಂಪ್ಯೂಟರಿನಲ್ಲಿ ನೋಡಿ ಹೇಳಿದವರು ಮಾಸ್ತರರೇ ಎಂದು ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಬಸಲಿಂಗಪ್ಪ, ಹಮಾಲರ ಮುಂದೆ ಅವರ ಚೀಲ ಕೊಡವಿಸಿ ಹೊರಗೆ ಹಾಕಿದ. ಮಾಸ್ತರರು ಮತ್ತೆ ಇಕ್ಕಳ ಮುಟ್ಟಲಿಲ್ಲ. ಯಾರಿಗೂ ಮುಖ ತೋರಿಸದೆ, ಅದೇ ಕೊರಗಿನಲ್ಲಿ ತೀರಿಕೊಂಡರು.

ದರ ಬಾಯಿಬಿಟ್ಟವನು ತಾನೇ ಎಂದು ಆಮೇಲೆ ಬಸಲಿಂಗಪ್ಪ ಮೋಟೆಬೆನ್ನೂರಿನ ಚಹದಂಗಡಿಯಲ್ಲಿ ಯಾರಿಗೋ ನಗುತ್ತ ಹೇಳಿದ್ದನ್ನು ಪಕ್ಕದ ಬೆಂಚಿನಲ್ಲಿ ಕೂತು ನಾನು ಕೇಳಿದ್ದೇನೆ. ಚಹ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅವನೂ ಒಂದು ದಿನ ಹಾಗೇ ಚೀಲ ಕೊಡವಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಕೆಲವು ವರ್ಷಗಳ ಮೇಲೆ ಅದೇ ಬಸಲಿಂಗಪ್ಪ ನನಗೆ ಫೋನ್ ಮಾಡಿದ. ನಾನು ಮಾಸ್ತರರ ಶಿಷ್ಯ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಂಗಡಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಹೊಸ ಕೋಣೆಗಳಲ್ಲಿ ಹೊಸ ನಮೂನೆಯ ನೀಲಿ ಕೇಬಲ್, ಅಂಗಡಿಯ ಒಡೆಯರಾದ ಸಾವುಕಾರರ ಕೋಣೆಗೆ ಮಾತ್ರ ಮಾಸ್ತರರ ಕಪ್ಪು ಕೇಬಲ್. ಎರಡಕ್ಕೂ ಒಂದೇ ಇಂಟರ್ನೆಟ್ ಹಂಚಬೇಕಿತ್ತು. ಎರಡೂ ನಮೂನೆಯ ಕೇಬಲ್ ಸಿಗಿಸಬಹುದಾದ ಹಳೇ ಹಬ್ ಒಂದು ನನ್ನ ಬಳಿ ಇತ್ತು. ಬೆಳಿಗ್ಗೆ ಕೂಡಿಸಿದೆ, ನಡೆಯಿತು.

"ಆ ಕರೇ ವಾಯರ್ ಭಾಳ ನಂಬಬ್ಯಾಡ್ರಿ. ಒಬ್ಬ ಕಳ್ಳ ಹಾಕಿದ್ದು ಅದು" ಎಂದ ಬಸಲಿಂಗಪ್ಪ.

ನನ್ನ ಮೈ ಉರಿದುಹೋಯಿತು. ಅಂದು ಟೆಂಡರ್ ದಿನ. ಈ ಅಂಗಡಿಯ ಮೂಲಕ ಮಾಲು ಕೊಳ್ಳುವ ಹೊರಗಿನ ಪಾರ್ಟಿಗಳು ತಮ್ಮ ದರವನ್ನು ಸಾವುಕಾರರಿಗೆ ಮೇಲ್ ಮಾಡುವವರಿದ್ದರು. ಮೇಲ್ ಬರದಿದ್ದರೆ ಬೈಸಿಕೊಳ್ಳುವವನು ದಿವಾನಜಿ. ಬೈಸಿಕೊಳ್ಳಲಿ ಎಂದು ಊಟದ ಹೊತ್ತಿಗೆ ಹಬ್ಬಿನಿಂದ ಕಪ್ಪು ಕೇಬಲ್ ಬಿಚ್ಚಿ ಕೈಯಲ್ಲಿ ಹಿಡಿದೆ. ಸಾವುಕಾರರ ಕಂಪ್ಯೂಟರಿಗೆ ಬೇರೆ ದಾರಿಯೇ ಇರಲಿಲ್ಲ. ಆಮೇಲೆ, ಏನು ತಿಳಿಯಿತೋ, ಎದುರಿಗಿದ್ದ ನೀಲಿ ಕೇಬಲ್ಲಿನ ಕಂಪ್ಯೂಟರಿನಿಂದ ಅಂಗಡಿಯ ವಿಳಾಸಕ್ಕೆ ಹೆಸರಿಲ್ಲದ ಒಂದು ಮೇಲ್ ಬರೆದು ಕಳಿಸಿದೆ. 'ದರ ಹೇಳಿದವ ಈರಣ್ಣ ಅಲ್ಲ, ನಿಮ್ಮ ಬಸಲಿಂಗಪ್ಪ.' ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿದೆ, ಅಷ್ಟೇ. ಕೇಬಲ್ ಮತ್ತೆ ಕೂಡಿಸುವ ಮೊದಲು ಅಳಿಸಿಬಿಡುವವನಿದ್ದೆ, ಬೆಳಿಗ್ಗೆ ಮೇಲ್ ಹೊಂದಿಸಲು ಕೊಟ್ಟಿದ್ದ ಅಂಗಡಿಯ ಪಾಸ್‌ವರ್ಡ್ ನನ್ನ ಬಳಿಯೇ ಇತ್ತು. ಎದುರಿಗೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಒಂದು ನಿಮಿಷವಾಗಿರಬೇಕು. ಒಳಗಿನಿಂದ ಸಾವುಕಾರರ ದನಿ ಬಂತು. "ಬಸಲಿಂಗಪ್ಪ, ಇಲ್ಲಿ ಬಾ. ಇದನ್ನ ಓದು."

ಕೇಬಲ್ ಹಿಡಿದುಕೊಂಡೇ ಬಾಗಿಲಿನಲ್ಲಿ ಇಣುಕಿದೆ. ಸಾವುಕಾರರ ಕಂಪ್ಯೂಟರಿನ ಮೇಲೆ ನನ್ನ ಮೇಲ್ ತೆರೆದಿತ್ತು. ಬಸಲಿಂಗಪ್ಪ ಬಗ್ಗಿ ಓದಿದ. ಮುಖ ಸಪ್ಪಗಾಯಿತು.

"ಅವಾ ಸತ್ತು ಹೋಗ್ಯಾನಲ್ರಿ ಸಾವ್ಕಾರ್ರ, ಈಗ್ಯಾಕ ಆ ಮಾತು?"

ಸುಳ್ಳು ಎನ್ನಲಿಲ್ಲ ಅವನು. ಸಾವುಕಾರರು ಬಾಗಿಲಿನತ್ತ ಕೈ ತೋರಿಸಿದರು. "ಹಮಾಲರನ್ನ ಕರಿ. ಅವರ ಮುಂದ ನಿನ್ನ ಚೀಲ ಕೊಡವಿ ಮನಿಗೆ ಹೋಗು" ಎಂದರು.

ಕೊಡವಿದ. ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಒಂದು ಹಳೇ ಟವೆಲ್ಲು ನೆಲಕ್ಕೆ ಬಿದ್ದವು. ನನಗೆ ಖುಷಿಯಾಯಿತು. ಆ ಖುಷಿ ಇವತ್ತಿಗೂ ಇಳಿದಿಲ್ಲ, ಸುಳ್ಳೇಕೆ ಹೇಳಲಿ.

ಆಮೇಲೆ ಸಾವುಕಾರರ ಇಡೀ ಕೋಣೆ ಹುಡುಕಿದೆ. ಇನ್ನೊಂದು ಕೇಬಲ್ ಇಲ್ಲ, ವೈ-ಫೈ ಇಲ್ಲ, ಫೋನ್ ಲೈನ್ ಸಹ ಇಲ್ಲ. ಕೇಬಲ್ ಬಿಚ್ಚಿದ ಮೇಲೆಯೇ ನಾನು ಬರೆಯಲು ಕೂತದ್ದು, ಅದರಲ್ಲಿ ಅನುಮಾನವಿಲ್ಲ. ಈ ಕೆಲಸದಲ್ಲಿ ನನಗಿಂತ ಬಲ್ಲ ಹಾವೇರಿಯ ಗೆಳೆಯನೊಬ್ಬನಿಗೆ ಸಂಜೆ ಫೋನ್ ಮಾಡಿ ಕೇಳಿದರೆ, "ನೀ ಬಿಚ್ಚೇ ಇರ್ಲಿಕ್ಕಿಲ್ಲ ಬಿಡಪಾ" ಎಂದು ಫೋನ್ ಇಟ್ಟ.

ಮರುದಿನ ಮೇಡ್ಲೇರಿಗೆ ಹೋಗಿ ಮಾಸ್ತರರ ಹೆಂಡತಿ ಗಂಗವ್ವನವರಿಗೆ ಎಲ್ಲವನ್ನೂ ಹೇಳಿದೆ. ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ವಾಯರಿನ ಒಂದ ತುದಿ ನಿನ್ನ ಕೈಯಾಗ ಇತ್ತು ಅಂದಿ. ಇನ್ನೊಂದ ತುದಿ ಯಾರ ಕೈಯಾಗ ಇತ್ತಪಾ?"

ಅದು ಸಾವುಕಾರರ ಕಂಪ್ಯೂಟರಿಗೆ ಸಿಗಿಸಿತ್ತವ್ವ ಎಂದು ಹೇಳಬಹುದಿತ್ತು. ಕೆಳಗಿಟ್ಟಿದ್ದ ಮೊರ ಎತ್ತಿ ಅವರ ಕೈಗೆ ಕೊಟ್ಟೆ.